ಮೊದಲು ಚಾಸಿ, ಆಮೇಲೆ ಎಸ್ಟಿಮೇಟ್

ಅಪಘಾತಕ್ಕೆ ಸಿಕ್ಕ ಬೈಕನ್ನು ರಿಪೇರಿ ಮಾಡಿಸುವುದೋ, ಕೈಬಿಟ್ಟು ಬೇರೆ ಕೊಳ್ಳುವುದೋ ಎಂಬ ಮಾತು ಬಂದ ಕೂಡಲೇ ನಮ್ಮ ಮನೆಗಳಲ್ಲಿ ಲೆಕ್ಕ ಶುರುವಾಗುತ್ತದೆ. ಸರ್ವಿಸ್ ಸೆಂಟರಿನವರು ಎಷ್ಟು ಎಸ್ಟಿಮೇಟ್ ಕೊಟ್ಟರು, ಇನ್ಶೂರೆನ್ಸ್‌ನಿಂದ ಎಷ್ಟು ಬರುತ್ತದೆ, ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಪಾರ್ಟ್ ಹುಡುಕಿದರೆ ಎಷ್ಟರಲ್ಲಿ ಮುಗಿಯುತ್ತದೆ, ಇದ್ದ ಹಾಗೇ ಕೊಟ್ಟರೆ ಎಷ್ಟು ಹುಟ್ಟುತ್ತದೆ. ಇಷ್ಟು ಅಂಕಿ ಕೈಗೆ ಬಂದರೆ ತೀರ್ಮಾನವೂ ಆದಂತೆಯೇ ಎಂದು ಬಹಳ ಜನ ತಿಳಿದಿದ್ದಾರೆ. ಈ ಅಂಕಿಗಳು ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಇವು ಎರಡನೇ ಪ್ರಶ್ನೆಗೆ ಉತ್ತರ. ಪೆಟ್ಟು ತಿಂದ ಈ ಗಾಡಿಯ ಚಾಸಿ ನೆಟ್ಟಗಿದೆಯೇ, ಇಲ್ಲದಿದ್ದರೆ ಅದನ್ನು ನಂಬಿಕೆಗೆ ಅರ್ಹವಾಗಿ ಸರಿಮಾಡಲು ಸಾಧ್ಯವೇ ಎಂಬುದು ಮೊದಲ ಪ್ರಶ್ನೆ. ಅದನ್ನು ಕೇಳದೆ ಎರಡನೆಯದಕ್ಕೆ ಹಾರುವುದರಿಂದ ಎರಡು ಬಗೆಯ ನಷ್ಟ ಆಗುತ್ತಿದೆ. ಇನ್ನೂ ಹತ್ತು ವರ್ಷ ಓಡಬಹುದಾದ ಗಾಡಿಗಳು ಗುಜರಿಗೆ ಹೋಗುತ್ತಿವೆ. ರಸ್ತೆಗೆ ಬರಲೇಬಾರದ ಗಾಡಿಗಳು ಹೊಸ ಬಣ್ಣ ಹೊಡೆಸಿಕೊಂಡು ಓಡಾಡುತ್ತಿವೆ. ವಿಮೆಯ ನಿಯಮ, ಆರ್‌ಟಿಒ ಪದ್ಧತಿ, ವರ್ಕ್‌ಶಾಪಿನ ರೂಢಿ ಮೂರೂ ಸೇರಿ ಈ ತಲೆಕೆಳಗಾದ ಕ್ರಮವನ್ನು ಗಟ್ಟಿಮಾಡಿವೆ.

ಎರಡು ಚಕ್ರದ ಗಾಡಿ ನೆಟ್ಟಗೆ ಓಡುವುದು ಅದರ ಅಳತೆಗಳ ಬಲದಿಂದ. ಮುಂದಿನ ಫೋರ್ಕು ಎಷ್ಟು ಓರೆಯಾಗಿರಬೇಕು, ಹ್ಯಾಂಡಲ್ ತಿರುಗುವ ಅಕ್ಷ ನೆಲಕ್ಕೆ ತಾಗುವ ಜಾಗಕ್ಕಿಂತ ಟೈರು ನೆಲ ಮುಟ್ಟುವ ಜಾಗ ಎಷ್ಟು ಹಿಂದಿರಬೇಕು, ಎರಡೂ ಚಕ್ರ ಒಂದೇ ಗೆರೆಯಲ್ಲಿ ಹೇಗೆ ಬರಬೇಕು ಎಂಬುದನ್ನು ತಯಾರಕರು ಮಿಲಿಮೀಟರ್ ಲೆಕ್ಕದಲ್ಲಿ ಗೊತ್ತುಮಾಡಿರುತ್ತಾರೆ. ಕಾರಿನ ಅಲೈನ್‌ಮೆಂಟ್ ತುಸು ತಪ್ಪಿದರೂ ನಾಲ್ಕು ಚಕ್ರಗಳು ಅದನ್ನು ಬೀಳಗೊಡುವುದಿಲ್ಲ. ಬೈಕಿಗೆ ಆ ಆಸರೆ ಇಲ್ಲ. ಚಾಸಿ ಸ್ವಲ್ಪವೇ ಡೊಂಕಾದರೂ ಗಾಡಿ ಒಂದು ಕಡೆಗೆ ಎಳೆಯುತ್ತದೆ, ವೇಗ ಏರಿದಾಗ ಹ್ಯಾಂಡಲ್ ಅದುರುತ್ತದೆ, ಜೋರಾಗಿ ಬ್ರೇಕ್ ಒತ್ತಿದರೆ ಹಿಂಭಾಗ ಪಕ್ಕಕ್ಕೆ ಸರಿಯುತ್ತದೆ. ಹಲಸೂರಿನ ಪೇಟೆ ಬೀದಿಯಲ್ಲಿ ಜನರ ನಡುವೆ ನಿಧಾನವಾಗಿ ಹೋಗುವಾಗ ಇದಾವುದೂ ತಿಳಿಯುವುದಿಲ್ಲ. ಮಳೆ ಬಿದ್ದ ಸಂಜೆ ಹಳೇ ಮದ್ರಾಸ್ ರಸ್ತೆಯಲ್ಲಿ, ಟಿನ್ ಫ್ಯಾಕ್ಟರಿ ದಾಟಿ ಕೆ.ಆರ್. ಪುರದ ತೂಗುಸೇತುವೆಯ ಕಡೆ ತಿರುಗುವಾಗ, ಪಕ್ಕದಲ್ಲಿ ಲಾರಿ ಇರುವಾಗ, ಮುಂದಿನ ಬಸ್ಸು ತಟಕ್ಕನೆ ನಿಂತಾಗ ತಿಳಿಯುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಶೇ 44.5ರಷ್ಟು ದ್ವಿಚಕ್ರ ವಾಹನದಲ್ಲಿದ್ದವರು. ಇವೆಲ್ಲ ಡೊಂಕು ಚಾಸಿಯಿಂದಾದ ಸಾವುಗಳೆಂದು ಯಾರೂ ಹೇಳಲಾರರು. ವೇಗ, ರಸ್ತೆ, ಕತ್ತಲು, ಹೆಲ್ಮೆಟ್ ಇಲ್ಲದ ತಲೆ ಇವೇ ದೊಡ್ಡ ಕಾರಣಗಳು. ಆದರೆ ಇಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ದಂಡ ತೆರಬೇಕಾದ ವಾಹನಕ್ಕೆ ಇನ್ನೊಂದು ತಪ್ಪನ್ನು ನಾವೇ ಸೇರಿಸುವುದು ಬೇಡ ಎನ್ನಲು ಆ ಸಂಖ್ಯೆ ಸಾಕು.

ಹೊರಗೆ ಕಾಣುವ ಹಾನಿಗೂ ಒಳಗಿನ ಹಾನಿಗೂ ನೇರ ಸಂಬಂಧವಿಲ್ಲ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಮರಳಿನ ಮೇಲೆ ಜಾರಿ ಮಗ್ಗುಲಾಗಿ ಬಿದ್ದು ಹತ್ತು ಮೀಟರ್ ಉಜ್ಜಿಕೊಂಡು ಹೋದ ಬೈಕು ನೋಡಲು ಭಯಂಕರವಾಗಿರುತ್ತದೆ. ಟ್ಯಾಂಕು ತಗ್ಗಾಗಿ, ಸೈಲೆನ್ಸರ್ ಕೆರೆದು, ಇಂಡಿಕೇಟರ್, ಲಿವರ್, ಫುಟ್‌ರೆಸ್ಟ್, ಕನ್ನಡಿ, ಹೆಡ್‌ಲೈಟಿನ ಡೂಮ್ ಎಲ್ಲ ಪುಡಿಯಾಗಿರುತ್ತವೆ. ಆದರೆ ಆ ಪೆಟ್ಟಿನ ಬಹುಭಾಗ ಉಜ್ಜುವುದರಲ್ಲೇ ಖರ್ಚಾಗಿದೆ. ಚಾಸಿ ಎಷ್ಟೋ ಸಲ ಹಾಗೇ ಉಳಿದಿರುತ್ತದೆ. ನಿಂತ ಆಟೊದ ಹಿಂಭಾಗಕ್ಕೆ ಅಥವಾ ಡಿವೈಡರಿಗೆ ನೇರವಾಗಿ ಗುದ್ದಿದ ಬೈಕು ಇದಕ್ಕೆ ತೀರಾ ಬೇರೆ. ಅದರ ಮೈಮೇಲೆ ಗೀರೇ ಇಲ್ಲದಿರಬಹುದು, ಮಡ್‌ಗಾರ್ಡ್ ಮಾತ್ರ ಒಡೆದಿರಬಹುದು. ಆದರೆ ಪೆಟ್ಟು ಮುಂದಿನ ಚಕ್ರದಿಂದ ಫೋರ್ಕಿಗೆ, ಫೋರ್ಕಿನಿಂದ ಹ್ಯಾಂಡಲ್ ಕೂರುವ ಚಾಸಿಯ ಕತ್ತಿಗೆ, ಅಲ್ಲಿಂದ ಕೆಳಗಿನ ಕೊಳವೆಗಳಿಗೆ ಇಳಿದಿರುತ್ತದೆ. ಕತ್ತಿನ ಬಳಿ ಬಣ್ಣ ಬಿರುಕು ಬಿಟ್ಟಿದ್ದರೆ, ಎಂಜಿನ್ ಮುಂದಿನ ಕೊಳವೆಯಲ್ಲಿ ಸುಕ್ಕು ಕಂಡರೆ, ಚಕ್ರವನ್ನು ನೇರ ಇಟ್ಟಾಗ ಹ್ಯಾಂಡಲ್ ಓರೆಯಾಗಿ ನಿಂತರೆ, ಹಿಂದಿನ ಟೈರಿನ ಎರಡೂ ಪಕ್ಕದಿಂದ ದಾರ ಎಳೆದು ಹಿಡಿದಾಗ ಮುಂದಿನ ಟೈರಿಗೆ ಎರಡೂ ಕಡೆ ಸಮನಾದ ಸಂದು ಸಿಗದಿದ್ದರೆ, ಪೆಟ್ಟು ಒಳಗೆ ಹೋಗಿದೆ. ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನಿಂದ ಗುದ್ದಿಸಿಕೊಂಡ ಗಾಡಿಗಳಲ್ಲಿ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಮತ್ತು ಸೀಟಿನ ಕೆಳಗಿನ ಭಾಗ ನೋಡಬೇಕು. ಬಿದ್ದ ಬಗೆ ಯಾವುದು ಎಂಬ ಒಂದು ಪ್ರಶ್ನೆ ಎಸ್ಟಿಮೇಟಿನ ಮೊತ್ತಕ್ಕಿಂತ ಹೆಚ್ಚು ಹೇಳುತ್ತದೆ. ಕೈ ಊದಿಕೊಂಡು ಬಂದವನಿಗೆ ಎಕ್ಸ್‌ರೇ ತೆಗೆಸದೆ ಯಾವ ವೈದ್ಯರೂ ಬಿಲ್ಲಿನ ಮಾತಾಡುವುದಿಲ್ಲ. ಬೈಕಿನ ವಿಷಯದಲ್ಲಿ ಆ ಸಾಮಾನ್ಯ ವಿವೇಕ ನಮಗಿನ್ನೂ ರೂಢಿಯಾಗಿಲ್ಲ.

ವಿಮೆಯ ನಿಯಮ ಏನು ಮಾಡುತ್ತದೆ ನೋಡೋಣ. ಸ್ವಂತ ಹಾನಿಗೂ ರಕ್ಷಣೆ ಇರುವ ಪಾಲಿಸಿಯಲ್ಲಿ ಐಡಿವಿ ಎಂಬ ಮೊತ್ತ ಇರುತ್ತದೆ, ಅಂದರೆ ಗಾಡಿಗೆ ವಿಮೆಯವರು ಒಪ್ಪಿದ ಬೆಲೆ. ರಿಪೇರಿ ಖರ್ಚು ಆ ಮೊತ್ತದ ಶೇ 75 ದಾಟಿದರೆ ಗಾಡಿಯನ್ನು ಟೋಟಲ್ ಲಾಸ್ ಎಂದು ಪರಿಗಣಿಸಲಾಗುತ್ತದೆ. ಶೋರೂಮ್ ಬೆಲೆ 1,20,000 ರೂಪಾಯಿ ಇರುವ ಒಂದು ಬೈಕನ್ನು ತೆಗೆದುಕೊಳ್ಳಿ. ಮೂರು ವರ್ಷ ದಾಟಿ ನಾಲ್ಕರೊಳಗಿದ್ದರೆ ವಿಮೆಯ ಕೋಷ್ಟಕದ ಪ್ರಕಾರ ಶೇ 40 ಸವಕಳಿ; ಐಡಿವಿ 72,000 ರೂಪಾಯಿಗೆ ಇಳಿಯುತ್ತದೆ, ಟೋಟಲ್ ಲಾಸ್‌ನ ಗೆರೆ 54,000ಕ್ಕೆ ಬಂದು ನಿಲ್ಲುತ್ತದೆ. ಈ ಗೆರೆ ವಿಮಾ ಕಂಪನಿಯ ಹಣದ ಪ್ರಶ್ನೆಗೆ ಸರಿಯಾದ ಉತ್ತರವೇ. ಗಾಡಿ ಓಡಿಸಲು ಯೋಗ್ಯವೇ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. 2019ರ ಏಪ್ರಿಲ್‌ನಿಂದ 125 ಸಿ.ಸಿ. ಮೀರಿದ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು, 2020ರ ಏಪ್ರಿಲ್‌ನಿಂದ ಬಿಎಸ್-6 ಬಂದು ಫ್ಯುಯೆಲ್ ಇಂಜೆಕ್ಷನ್, ಸೆನ್ಸರ್‌ಗಳು, ಇಸಿಯು ಬಹುತೇಕ ಗಾಡಿಗಳಿಗೆ ಸೇರಿದವು. ಡಿಜಿಟಲ್ ಮೀಟರ್, ಎಲ್ಇಡಿ ಹೆಡ್‌ಲೈಟ್, ಇಡೀ ವೈರಿಂಗ್ ಕಿಟ್, ಟ್ಯಾಂಕು, ಅಲಾಯ್ ಚಕ್ರ ಇಷ್ಟನ್ನು ಕಂಪನಿ ಬೆಲೆಗೆ ಕೂಡಿಸಿದರೆ, ಚಾಸಿಗೆ ಏನೂ ಆಗದ ಗಾಡಿಯೂ ಆ ಗೆರೆಯ ಹತ್ತಿರ ಹೋಗಿಬಿಡಬಹುದು. ಚಾಸಿ ಡೊಂಕಾದ ಗಾಡಿಯೊಂದು, ಯಾರೂ ಅಳತೆ ತೆಗೆಯದ ಕಾರಣಕ್ಕೆ, ಎರಡು ಫೋರ್ಕು ಕೊಳವೆ ಮತ್ತು ಒಂದು ಮಡ್‌ಗಾರ್ಡಿನ ಸಣ್ಣ ಬಿಲ್ಲಿನಲ್ಲಿ ಪಾಸಾಗಿ ಹೊರಬರಬಹುದು. ಬೆಲೆ ನೋಡಿ ತೀರ್ಮಾನಿಸುವ ಪದ್ಧತಿಯ ದೋಷ ಇದು. ಎರಡೂ ದಿಕ್ಕಿಗೆ ತಪ್ಪುತ್ತದೆ.

ಬೇರೆ ಕೊಳ್ಳುವುದರ ನಿಜವಾದ ಖರ್ಚನ್ನೂ ನಾವು ಕಡಿಮೆ ಅಂದಾಜು ಮಾಡುತ್ತೇವೆ, ಕರ್ನಾಟಕದಲ್ಲಂತೂ ಹೆಚ್ಚಾಗಿ. ಇಲ್ಲಿ ಒಂದು ಲಕ್ಷ ದಾಟಿದ ಬೈಕಿಗೆ ಆಜೀವ ತೆರಿಗೆ ಶೇ 18, ಐವತ್ತು ಸಾವಿರದಿಂದ ಒಂದು ಲಕ್ಷದವರೆಗೆ ಶೇ 12; ಅದರ ಮೇಲೆ ಸೆಸ್. ಮೇಲಿನ ಉದಾಹರಣೆಯ ಬೈಕಿಗೆ ಸೆಸ್ ಬಿಟ್ಟೇ 21,600 ರೂಪಾಯಿ ತೆರಿಗೆಯಾಗುತ್ತದೆ. ಐಡಿವಿ ಲೆಕ್ಕ ಹಾಕುವುದು ಶೋರೂಮ್ ಬೆಲೆಯ ಮೇಲೆ. ಕಟ್ಟಿದ ತೆರಿಗೆ, ನೋಂದಣಿ ಶುಲ್ಕ, ವಿಮೆಯ ಕಂತು ಅದರಲ್ಲಿ ಸೇರುವುದಿಲ್ಲ. ರಿಟರ್ನ್ ಟು ಇನ್‌ವಾಯ್ಸ್ ಎಂಬ ಹೆಚ್ಚುವರಿ ರಕ್ಷಣೆ ಕೊಂಡವರಿಗಷ್ಟೇ ಇದರ ಒಂದು ಪಾಲು ವಾಪಸ್ ಬರಬಹುದು. ಹಾಗಾಗಿ ಟೋಟಲ್ ಲಾಸ್ ಎಂದು 72,000 ಕೈಗೆ ಬಂದವರು ಅದೇ ಬೈಕನ್ನು ಮತ್ತೆ ರಸ್ತೆಗಿಳಿಸಲು ಅದರ ಎರಡರಷ್ಟು ಹಣ ಹೊಂದಿಸಬೇಕಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದು ಹೊಸದು ಕೊಳ್ಳುವವರಿಗೆ ಅನುಕೂಲವೇ. ಬಿಡಿಭಾಗಗಳ ತೆರಿಗೆಯೂ ಶೇ 18ಕ್ಕೆ ಬಂದಿದೆ, ಆದ್ದರಿಂದ ತಕ್ಕಡಿ ಒಂದೇ ಕಡೆ ವಾಲಿಲ್ಲ. ಚಾಸಿ ನೆಟ್ಟಗಿರುವ ಗಾಡಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಎಸ್ಟಿಮೇಟ್ ದೊಡ್ಡದೆಂದು ಹೆದರಿ ಕೈಬಿಡಬೇಡಿ. ಹೊರಗಿನ ಭಾಗಗಳಿಗೆ ಕಂಪನಿ ಪಾರ್ಟೇ ಬೇಕೆಂದಿಲ್ಲ. ಗೀರು ಬಿದ್ದ ಸೈಲೆನ್ಸರ್ ಗೀರು ಬಿದ್ದೇ ಓಡಲಿ, ತಗ್ಗಾದ ಟ್ಯಾಂಕನ್ನು ಟಿಂಕರಿಂಗ್‌ನವರು ಎಬ್ಬಿಸಿ ಕೊಡುತ್ತಾರೆ.

ಇದು ಸ್ವಂತ ಹಾನಿಯ ವಿಮೆ ಇದ್ದವರ ಮಾತಾಯಿತು. ಎಷ್ಟೋ ಸವಾರರಿಗೆ ಅದೂ ಇರುವುದಿಲ್ಲ. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕು ಕೊಳ್ಳುವಾಗಲೇ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಟ್ಟಬೇಕು. ಎದುರಿನವರಿಗೆ ಪರಿಹಾರ ಸಿಗಬೇಕೆಂಬ ದೃಷ್ಟಿಯಿಂದ ಅದು ಒಳ್ಳೆಯ ಆದೇಶ. ಆದರೆ ಕೈಯಲ್ಲಿ ಐದು ವರ್ಷದ ಪಾಲಿಸಿ ಕಾಗದ ಇದ್ದಾಗ, ಸ್ವಂತ ಹಾನಿಯ ಭಾಗ ಒಂದೇ ವರ್ಷಕ್ಕೆ ಮುಗಿದಿರಬಹುದು ಎಂಬುದು ಮರೆತುಹೋಗುತ್ತದೆ. ಪೊಲೀಸರು ಕೇಳುವುದು ಥರ್ಡ್ ಪಾರ್ಟಿ ಮಾತ್ರ, ಹಾಗಾಗಿ ನೆನಪಿಸುವವರೂ ಇಲ್ಲ. ಬಿದ್ದ ಮೇಲೆ ಪಾಲಿಸಿ ತೆರೆದು ನೋಡಿದಾಗ ತನ್ನ ಗಾಡಿಗೆ ಒಂದು ರೂಪಾಯಿಯೂ ಬರುವುದಿಲ್ಲ ಎಂದು ತಿಳಿಯುತ್ತದೆ. ವಿಮೆ ಇದ್ದವರಿಗೂ ಪೂರ್ತಿ ಬರುವುದಿಲ್ಲ: ಸಾಧಾರಣ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್, ಬ್ಯಾಟರಿಗೆ ಶೇ 50, ನಾಲ್ಕನೇ ವರ್ಷದ ಗಾಡಿಯ ಲೋಹದ ಭಾಗಗಳಿಗೆ ಶೇ 25 ಕಡಿತವಾಗುತ್ತದೆ. ಉಳಿದದ್ದು ಜೇಬಿನಿಂದ. ಹೀಗೆ ಜೇಬಿನಿಂದ ಕೊಡಬೇಕಾದವರು ಕಂಪನಿ ಸರ್ವಿಸ್ ಸೆಂಟರಿನಿಂದ ಗಾಡಿ ತಳ್ಳಿಕೊಂಡು ಶಿವಾಜಿನಗರಕ್ಕೆ ಬರುತ್ತಾರೆ.

ಶಿವಾಜಿನಗರದ ಬಗ್ಗೆ ಕೀಳಾಗಿ ಮಾತಾಡುವವರ ಜೊತೆ ನಾನಿಲ್ಲ. ದಂಡು ಪ್ರದೇಶದ ಆ ಗಲ್ಲಿಗಳ ಗುಜರಿ ಅಂಗಡಿಗಳು, ಲೇತ್‌ಗಳು, ವೆಲ್ಡಿಂಗ್ ಶೆಡ್‌ಗಳು ಈ ಊರಿನ ಬಡ ಮತ್ತು ಮಧ್ಯಮ ವರ್ಗವನ್ನು ಎಷ್ಟೋ ವರ್ಷಗಳಿಂದ ರಸ್ತೆಯ ಮೇಲೆ ಇಟ್ಟಿವೆ. ಕಂಪನಿ ತಯಾರಿಕೆ ನಿಲ್ಲಿಸಿದ ಮಾಡೆಲ್ಲಿನ ಕ್ಲಚ್ ಕವರ್, ಒಂದೇ ಒಂದು ಸೈಡ್ ಪ್ಯಾನಲ್, ಚಕ್ರದ ಡ್ರಮ್ ಹುಡುಕಿ ಕೊಡುವ ಜಾಣತನ ಅಲ್ಲಿದೆ. ಕಡ್ಡಿ ಚಕ್ರದ ಬೆಂಡ್ ತೆಗೆದು ಕೂದಲೆಳೆಯಷ್ಟೂ ಓಲಾಡದಂತೆ ಮಾಡುವ ಕೈಗಳಿವೆ. ಅವರ ಪರವಾಗಿ ಬರುವ ಆಕ್ಷೇಪವನ್ನು ಪೂರ್ತಿ ಬಲದೊಂದಿಗೆ ಮುಂದಿಡುತ್ತೇನೆ: ಚಾಸಿ ಉಕ್ಕಿನದು, ಬಾಗಿದ ಉಕ್ಕನ್ನು ಬಾಗಿಸಿ ನೆಟ್ಟಗೆ ಮಾಡಬಹುದು, ಪ್ರೆಸ್ಸಿನಲ್ಲಿ ಬೆಂಡ್ ತೆಗೆದ ಫೋರ್ಕುಗಳು ವರ್ಷಗಟ್ಟಲೆ ಓಡಿವೆ, ನೂರಾರು ಗಾಡಿ ಮಾಡಿದ ಮೇಸ್ತ್ರಿಯ ಕಣ್ಣು ಯಾವ ಗೇಜಿಗೂ ಕಡಿಮೆಯಲ್ಲ. ಇದರಲ್ಲಿ ನಿಜ ಇದೆ. ಫೋರ್ಕು ಕೊಳವೆಯ ಸಣ್ಣ ಬೆಂಡನ್ನು ತೆಗೆಯುವುದು ಒಪ್ಪಿತ ಕೆಲಸವೇ. ಎಷ್ಟರವರೆಗೆ ಎಂಬುದಕ್ಕೆ ತಯಾರಕರ ಸರ್ವಿಸ್ ಪುಸ್ತಕದಲ್ಲಿ ಮಿತಿ ಬರೆದಿರುತ್ತದೆ. ಆದರೆ ಬಾಗಿದ ಕೊಳವೆಗೂ ಮಡಚಿದ ಕೊಳವೆಗೂ ವ್ಯತ್ಯಾಸವಿದೆ. ಒಮ್ಮೆ ಸುಕ್ಕು ಬಿದ್ದ ಜಾಗದಲ್ಲಿ ಲೋಹ ದಣಿದಿರುತ್ತದೆ, ಮುಂದಿನ ಗುಂಡಿಗೆ ಅಲ್ಲೇ ಬಿರುಕು ಶುರುವಾಗುತ್ತದೆ. ಗ್ಯಾಸಿನಿಂದ ಕಾಯಿಸಿ ಬಡಿದು ನೆಟ್ಟಗೆ ಮಾಡಿದ ಚಾಸಿ ಮೊದಲಿನ ಬಲ ಉಳಿಸಿಕೊಂಡಿದೆಯೇ ಎಂದು ಹೊರಗಿನಿಂದ ನೋಡಿ ಯಾವ ಮೇಸ್ತ್ರಿಯೂ ಹೇಳಲಾರ. ಅಲಾಯ್ ಚಕ್ರವಂತೂ ಎರಕದ ಅಲ್ಯುಮಿನಿಯಂ. ಬಡಿದು ಸರಿಮಾಡಿದರೆ ಕಣ್ಣಿಗೆ ಕಾಣದ ಬಿರುಕು ಒಳಗೆ ಕೂರುತ್ತದೆ. ಮೇಸ್ತ್ರಿಯ ಕಣ್ಣನ್ನು ಗೌರವಿಸುತ್ತಲೇ ಕೇಳಬೇಕಾದ್ದು ಇಷ್ಟು: ಬೆಂಡ್ ತೆಗೆದ ಮೇಲೆ ಅಳತೆ ಎಷ್ಟು ಬಂತು, ಅದನ್ನು ಬಿಲ್ಲಿನಲ್ಲಿ ಬರೆದು ಕೊಡುತ್ತೀರಾ? ಅಲ್ಲಿನ ನುರಿತವರಿಗೆ ಇದು ಅವಮಾನವಲ್ಲ, ಅವರ ಕೆಲಸವನ್ನು ಕಳಪೆ ಕೆಲಸದಿಂದ ಬೇರೆಮಾಡಿ ತೋರಿಸುವ ದಾರಿ.

ಬೇರೆ ಪಾರ್ಟ್‌ಗಳಂತೆ ಚಾಸಿಯನ್ನೂ ಗುಜರಿಯಿಂದ ತರಬಹುದೆಂದು ಕೆಲವರು ಭಾವಿಸುತ್ತಾರೆ. ಅದು ಆಗದ ಮಾತು. ಚಾಸಿಯ ಕತ್ತಿನ ಮೇಲೆ ಕೊರೆದ ಸಂಖ್ಯೆಯೇ ಗಾಡಿಯ ಗುರುತು. ಆರ್‌ಸಿಯಲ್ಲಿ ಇರುವುದು ಅದೇ. ಇನ್ನೊಂದು ಗಾಡಿಯ ಚಾಸಿ ಹಾಕಿದರೆ ಕಾನೂನಿನ ಕಣ್ಣಿಗೆ ಅದು ಬೇರೆಯೇ ಗಾಡಿ, ಕಳವಿನ ಗಾಡಿಯೂ ಆಗಿರಬಹುದು. ಕಂಪನಿಯಿಂದ ಹೊಸ ಚಾಸಿ ತರಿಸಿ ಕೂರಿಸುವುದಾದರೆ ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ಕೆಎ-03 ಇರಲಿ ಕೆಎ-53 ಇರಲಿ, ಆ ಕಾಗದದ ಓಡಾಟ, ಚಾಸಿಯ ಬೆಲೆ, ಇಡೀ ಎಂಜಿನ್ ಮತ್ತು ವೈರಿಂಗ್ ಬಿಚ್ಚಿ ಜೋಡಿಸುವ ಕೂಲಿ ಎಲ್ಲ ಸೇರಿದರೆ ಸಾಮಾನ್ಯ ಬೈಕಿಗೆ ಲೆಕ್ಕ ಹೊಂದುವುದು ಅಪರೂಪ. ಆದ್ದರಿಂದ ಚಾಸಿಯ ಕತ್ತು ಮಡಚಿದ್ದರೆ, ಸಾಮಾನ್ಯ ಗಾಡಿಯ ಮಟ್ಟಿಗೆ ಅಲ್ಲಿಗೆ ಮಾತು ಮುಗಿಯಿತು ಎಂದೇ ನನ್ನ ನಿಲುವು. ಎಸ್ಟಿಮೇಟ್ ಎಷ್ಟೇ ಚಿಕ್ಕದಿರಲಿ.

ಈ ನಿಲುವಿಗೆ ಎದುರಾಗುವ ಅತ್ಯಂತ ಗಟ್ಟಿ ಆಕ್ಷೇಪ ಹಣದ್ದು. ಇಂದಿರಾನಗರದ ಹೋಟೆಲುಗಳ ಮುಂದೆ ಆರ್ಡರಿಗಾಗಿ ಕಾಯುವ ಹುಡುಗನಿಗೆ ಬೈಕು ಇಲ್ಲದ ದಿನ ಕೂಲಿ ಇಲ್ಲದ ದಿನ. ಅಳತೆ ತೆಗೆಸು, ಚಾಸಿ ಹೋಗಿದ್ದರೆ ಗಾಡಿ ಬಿಡು ಎಂದು ಅವನಿಗೆ ಹೇಳುವುದು ಸುಲಭ, ಕೇಳುವುದು ಕಷ್ಟ. ಅವನ ಸ್ಥಿತಿ ನಾವು ತಿಳಿದದ್ದಕ್ಕಿಂತ ಬಿಗಡಾಯಿಸಿದೆ. ಖಾಸಗಿ ಬೈಕಿನ ಸಾಮಾನ್ಯ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸುವುದು, ಸರಕು ಸಾಗಿಸುವುದು ರಕ್ಷಣೆಯಿಂದ ಹೊರಗೆ; ಡೆಲಿವರಿ ಮಾಡುವಾಗ ಬಿದ್ದರೆ ಸ್ವಂತ ಹಾನಿಯ ಕ್ಲೇಮು ತಿರಸ್ಕಾರವಾಗುವ ಅಪಾಯವಿದೆ. ಕರ್ನಾಟಕ ಸರ್ಕಾರ 2023ರಲ್ಲಿ ಗಿಗ್ ಕಾರ್ಮಿಕರಿಗೆ ವಿಮಾ ಯೋಜನೆ ತಂದಿತು, 2025ರಲ್ಲಿ ಅವರ ಸಾಮಾಜಿಕ ಭದ್ರತೆಗೆ ಕಾನೂನನ್ನೇ ಮಾಡಿತು. ಎರಡೂ ಮೆಚ್ಚಬೇಕಾದ ಹೆಜ್ಜೆಗಳು. ಆದರೆ ಆ ವಿಮೆ ಮನುಷ್ಯನಿಗೆ; ಅವನ ದುಡಿಮೆಯ ಸಾಧನವಾದ ಗಾಡಿಗೆ ಅಲ್ಲ. ಹಣವಿಲ್ಲದ ಕಾರಣಕ್ಕೆ ಡೊಂಕು ಗಾಡಿ ಓಡಿಸುವವನು ದಿನವಿಡೀ ಸುತ್ತುವವನು, ಹಾಗಾಗಿ ಅಪಾಯವೂ ಅವನಿಗೇ ಹೆಚ್ಚು. ಬಡವರಿಗೆ ಸುರಕ್ಷತೆಯ ಅಳತೆಗೋಲು ಸಡಿಲವಾಗಿರಲಿ ಎನ್ನುವುದು ಕರುಣೆಯಲ್ಲ. ಗಾಡಿಯ ಹಾನಿಗೂ ರಕ್ಷಣೆ ಕೊಡುವ ಗುಂಪು ವಿಮೆ, ರಿಪೇರಿ ಮುಗಿಯುವವರೆಗೆ ಬಾಡಿಗೆ ಗಾಡಿ, ಇವುಗಳ ಹೊಣೆಯನ್ನು ಅವನ ದುಡಿಮೆಯಿಂದ ಲಾಭ ಪಡೆಯುವ ಕಂಪನಿಗಳ ಮೇಲೆ ಹೊರಿಸುವುದು ನ್ಯಾಯ. ಆ ಭಾರವನ್ನು ಈಗ ಅವನ ಬೈಕಿನ ಫೋರ್ಕು ಹೊರುತ್ತಿದೆ.

ಕಚೇರಿಗೆ ಹೋಗಿಬರುವವರಿಗೆ ಅಷ್ಟು ಅವಸರವಿಲ್ಲ. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ 2011ರ ಅಕ್ಟೋಬರ್‌ನಲ್ಲಿ ಓಡತೊಡಗಿದ ಮೆಟ್ರೊ, 2023ರ ಅಕ್ಟೋಬರ್‌ನಲ್ಲಿ ಕೆ.ಆರ್. ಪುರದ ಕೊಂಡಿಯೂ ಸೇರಿ ವೈಟ್‌ಫೀಲ್ಡ್‌ವರೆಗೆ ಒಂದಾಗಿದೆ. ಹಲಸೂರು, ಇಂದಿರಾನಗರ, ಕೆ.ಆರ್. ಪುರದ ಕಡೆಯವರು ಒಂದೆರಡು ವಾರ ಬೈಕಿಲ್ಲದೆ ತಳ್ಳಬಹುದು. ವಿಮೆಯ ಸರ್ವೇಯರ್ ನೋಡುವ ಮೊದಲೇ ಗಾಡಿ ಬಿಚ್ಚಿಸುವುದು, ಮೊದಲು ಸಿಕ್ಕ ಎಸ್ಟಿಮೇಟಿಗೆ ಸಹಿ ಹಾಕುವುದು, ಅಳತೆ ತೆಗೆಸಲು ಪುರುಸೊತ್ತಿಲ್ಲ ಎನ್ನುವುದು ಇವೆಲ್ಲ ಅವಸರದ ತಪ್ಪುಗಳು. ಕ್ಲೇಮಿನ ತೀರ್ಮಾನ ಒಪ್ಪಿಗೆಯಾಗದಿದ್ದರೆ ಕಂಪನಿಗೆ ಲಿಖಿತ ದೂರು ಕೊಟ್ಟು, 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸರಿಬೀಳದಿದ್ದರೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಇದೇ ಉಸಿರಿನಲ್ಲಿ ಇನ್ನೊಂದು ಮಾತು: ಬೈಕಿಗೆ ಮೂವತ್ತು ಸಾವಿರ ಖರ್ಚು ಮಾಡಿ, ಪೆಟ್ಟು ತಿಂದ ಹೆಲ್ಮೆಟ್ಟನ್ನೇ ಮತ್ತೆ ಹಾಕಿಕೊಳ್ಳುವವರಿದ್ದಾರೆ. ಒಳಗಿನ ಥರ್ಮಕೋಲಿನಂಥ ಪದರ ಒಮ್ಮೆ ಅದುಮಿಕೊಂಡರೆ ಅದರ ಕೆಲಸ ಮುಗಿಯಿತು. ಹೆಲ್ಮೆಟ್ಟಿನ ವಿಷಯದಲ್ಲಿ ರಿಪೇರಿಯ ಪ್ರಶ್ನೆಯೇ ಇಲ್ಲ.

ಅಪ್ಪ ಓಡಿಸಿದ ಗಾಡಿ, ಬಿಡಲು ಮನಸ್ಸಿಲ್ಲ ಎನ್ನುವವರ ಮಾತನ್ನೂ ಕೇಳಬೇಕು, ಅದು ಹಗುರವಾದ ಮಾತಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಇಂದಿಗೂ ಬೆಂಗಳೂರಿನ ರಸ್ತೆಯಲ್ಲಿವೆ. ಪ್ರತಿ ವರ್ಷ ಜುಲೈನ ಎರಡನೇ ಭಾನುವಾರ ಅವುಗಳ ಒಡೆಯರು ಒಟ್ಟುಗೂಡುತ್ತಾರೆ. ಲೆಕ್ಕದ ಪ್ರಕಾರ ಆ ಗಾಡಿಗಳು ಎಂದೋ ಗುಜರಿ ಸೇರಬೇಕಿತ್ತು. ಅವು ಉಳಿದದ್ದು ಪ್ರೀತಿಯಿಂದ ಹೌದು, ಜೊತೆಗೆ ಆ ಪ್ರೀತಿ ಸರಿಯಾದ ಭಾಗ ಹುಡುಕಲು ತಿಂಗಳುಗಟ್ಟಲೆ ಕಾದದ್ದರಿಂದ, ಸಿಗದ ಭಾಗವನ್ನು ಲೇತ್‌ನಲ್ಲಿ ಕೂತು ಮಾಡಿಸಿದ್ದರಿಂದ. ನನ್ನ ವಾದಕ್ಕೆ ಇದು ವಿರುದ್ಧವಲ್ಲ. ಮಮತೆ ಇದ್ದರೆ ಗಾಡಿಯ ಬೆಲೆಗಿಂತ ಹೆಚ್ಚು ಖರ್ಚು ಮಾಡಲು ಯಾರಿಗಾದರೂ ಹಕ್ಕಿದೆ, ಹೊಸ ಚಾಸಿ ತರಿಸಿ ಆರ್‌ಟಿಒ ಅಲೆಯಲೂ ಹಕ್ಕಿದೆ. ಮಮತೆಯ ಹೆಸರಿನಲ್ಲಿ ಅಳತೆಯನ್ನು ಬಿಟ್ಟುಕೊಡುವುದಕ್ಕೆ ಮಾತ್ರ ನನ್ನ ವಿರೋಧ. ಹಳೆಯದನ್ನು ಉಳಿಸುವುದು ಪರಿಸರಕ್ಕೂ ಒಳ್ಳೆಯದು ಎಂಬ ಮಾತನ್ನು ಹೀಗೇ ಒಪ್ಪುತ್ತೇನೆ, ಇದೇ ಷರತ್ತಿನೊಂದಿಗೆ. ಎಬಿಎಸ್ ಇಲ್ಲದ ಹಳೆಯ ಗಾಡಿಗೆ ದೊಡ್ಡ ರಿಪೇರಿ ಬಂದಾಗ, ಅದೇ ಹಣದಲ್ಲಿ ಎಬಿಎಸ್ ಇರುವ ಸೆಕೆಂಡ್ ಹ್ಯಾಂಡ್ ಗಾಡಿ ಸಿಗುತ್ತದೆಯೇ ಎಂದು ಒಮ್ಮೆ ವಿಚಾರಿಸುವುದೂ ಸುರಕ್ಷತೆಯನ್ನು ಮುಂದಿಟ್ಟ ಲೆಕ್ಕವೇ. ಎಲೆಕ್ಟ್ರಿಕ್ ಸ್ಕೂಟರುಗಳಲ್ಲಿ ಚಾಸಿಯ ಜೊತೆ ಬ್ಯಾಟರಿ ಪೆಟ್ಟಿಗೆಯೂ ಈ ಮೊದಲ ಪ್ರಶ್ನೆಗೆ ಸೇರುತ್ತದೆ. ತಗ್ಗು ಬಿದ್ದ ಪೆಟ್ಟಿಗೆಯನ್ನು ಕಂಪನಿಯ ಪರೀಕ್ಷೆಯಿಲ್ಲದೆ ಚಾರ್ಜಿಗೆ ಹಾಕಬಾರದು.

ಸೆಕೆಂಡ್ ಹ್ಯಾಂಡ್ ಎಂದ ಕೂಡಲೇ ಈ ವಿಷಯದ ಅತ್ಯಂತ ದುರ್ಬಲ ಜಾಗಕ್ಕೆ ಬರುತ್ತೇವೆ. ಖಾಸಗಿ ಬೈಕಿನ ನೋಂದಣಿ 15 ವರ್ಷಕ್ಕೆ. ಅಲ್ಲಿಯವರೆಗೆ ಅದಕ್ಕೆ ಎಫ್‌ಸಿ ಬೇಕಿಲ್ಲ. ಮೂರನೇ ವರ್ಷದಲ್ಲಿ ನೇರವಾಗಿ ಗುದ್ದಿ, ಬೆಂಡ್ ತೆಗೆಸಿಕೊಂಡ ಗಾಡಿಯನ್ನು ಮುಂದಿನ ಹನ್ನೆರಡು ವರ್ಷ ಯಾವ ಅಧಿಕಾರಿಯೂ ಪರೀಕ್ಷಿಸಬೇಕಾದ ನಿಯಮವಿಲ್ಲ. ಆ ಹನ್ನೆರಡು ವರ್ಷಗಳಲ್ಲಿ ಅದು ಎರಡು ಮೂರು ಕೈ ಬದಲಾಗಬಹುದು. ಕೊನೆಗೆ ಕೊಂಡವರಿಗೆ ಅಪಘಾತದ ಸುಳಿವೂ ಇರುವುದಿಲ್ಲ. ಮಗಳನ್ನು ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಡುವವರು ಅವರೇ. ಮೋಟಾರು ವಾಹನ ಕಾಯ್ದೆಯ 136ನೇ ಕಲಂ ಅಪಘಾತಕ್ಕೊಳಗಾದ ವಾಹನವನ್ನು ಪರೀಕ್ಷಿಸಲು ಅಧಿಕಾರ ಕೊಡುತ್ತದೆ, ಪೊಲೀಸ್ ಪ್ರಕರಣ ದಾಖಲಾದ ಗಾಡಿಗಳನ್ನು ಮೋಟಾರು ವಾಹನ ನಿರೀಕ್ಷಕರು ನೋಡುತ್ತಾರೆ. ಆದರೆ ಅವರು ಹುಡುಕುವುದು ಅಪಘಾತಕ್ಕೆ ಗಾಡಿಯ ದೋಷ ಕಾರಣವೇ ಎಂಬುದನ್ನು. ಅಪಘಾತದಿಂದ ಗಾಡಿಗೆ ಬಂದ ದೋಷ ಸರಿಯಾಯಿತೇ ಎಂದು ರಿಪೇರಿಯ ನಂತರ ನೋಡುವವರು ಯಾರೂ ಇಲ್ಲ. ಠಾಣೆಯಲ್ಲಿ ನಿಂತ ಗಾಡಿಗಳದ್ದು ಇನ್ನೊಂದು ದುರವಸ್ಥೆ. ವಶಪಡಿಸಿಕೊಂಡ ವಾಹನಗಳನ್ನು ಠಾಣೆಯ ಮುಂದೆ ಬಹುಕಾಲ ಇಡಬಾರದು ಎಂದು ಸುಪ್ರೀಂ ಕೋರ್ಟ್ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ 2002ರಲ್ಲೇ ಹೇಳಿದೆ. ಆದರೂ ಠಾಣೆಗಳ ಮುಂದೆ ಬಿಸಿಲು ಮಳೆಗೆ ಬಿದ್ದ ಬೈಕುಗಳ ಸಾಲು ಕರಗಿಲ್ಲ. ತಿಂಗಳುಗಳ ಕಾಲ ಟ್ಯಾಂಕಿಗೆ, ಎಂಜಿನ್ನಿಗೆ ನೀರು ಇಳಿದರೆ, ರಿಪೇರಿಯಾಗಬಹುದಾಗಿದ್ದ ಗಾಡಿಯೂ ಗುಜರಿಯೇ. ಮಾಲೀಕರು ಕೋರ್ಟಿಗೆ ಬೇಗ ಅರ್ಜಿ ಹಾಕಿ ಬಿಡಿಸಿಕೊಳ್ಳಬೇಕು.

ಮಾಡಬಹುದಾದ ಬದಲಾವಣೆಗಳು ದೊಡ್ಡವೇನಲ್ಲ. ವಿಮಾ ಕಂಪನಿಗಳು ನೇರ ಡಿಕ್ಕಿಯ ಪ್ರತಿ ಕ್ಲೇಮಿನಲ್ಲೂ ಚಾಸಿಯ ಅಳತೆಯ ವರದಿಯನ್ನು ಕಡ್ಡಾಯ ಮಾಡಲಿ. ಆ ಖರ್ಚು ಕ್ಲೇಮಿನಲ್ಲೇ ಸೇರಲಿ. ಹಾಗೆ ಮಾಡಿದರೆ ಕ್ಲೇಮು ದುಬಾರಿಯಾಗಿ ಎಲ್ಲರ ಕಂತೂ ಏರುತ್ತದೆ ಎಂಬ ಆಕ್ಷೇಪ ಬರಬಹುದು. ಚಾಸಿ ಸರಿಯಿದೆ ಎಂದು ತಿಳಿದು ಉಳಿಯುವ ಗಾಡಿಗಳನ್ನೂ, ಡೊಂಕು ಗಾಡಿ ಮತ್ತೆ ಬಿದ್ದಾಗ ಬರುವ ಆಸ್ಪತ್ರೆ ಮತ್ತು ಥರ್ಡ್ ಪಾರ್ಟಿ ಪರಿಹಾರವನ್ನೂ ಜೊತೆಗಿಟ್ಟು ನೋಡಿದರೆ ಆ ಆಕ್ಷೇಪ ನಿಲ್ಲುವುದಿಲ್ಲ ಎಂದು ನನಗನಿಸುತ್ತದೆ. ಸಾರಿಗೆ ಇಲಾಖೆಯ ವಾಹನ್ ದತ್ತಾಂಶದಲ್ಲಿ ಮಾಲೀಕತ್ವ, ವಿಮೆ, ಸಾಲದ ವಿವರ ಈಗಲೇ ಸಿಗುತ್ತದೆ; ದೊಡ್ಡ ಅಪಘಾತದ ಕ್ಲೇಮು ಆಗಿದೆ ಎಂಬ ಒಂದು ಸಾಲು ಸೇರಿದರೆ ಕೊಳ್ಳುವವರು ಕಣ್ಣು ಬಿಟ್ಟು ಕೊಳ್ಳುತ್ತಾರೆ. ಇನ್ನು ಕೈಬಿಡುವುದೆಂದು ತೀರ್ಮಾನಿಸಿದ ಮಾಲೀಕರು ಗಾಡಿಯನ್ನು ಆರ್‌ಸಿ ಸಮೇತ ಗುಜರಿಯವರ ಕೈಗೆ ಕೊಟ್ಟು ಬರುವ ರೂಢಿಯನ್ನು ಬಿಡಬೇಕು. ಸತ್ತ ಗಾಡಿಯ ಕಾಗದ ಕಳವಿನ ಗಾಡಿಗೆ ಅಂಟಿಕೊಂಡರೆ ಪೊಲೀಸರು ಬರುವುದು ಮಾಲೀಕರ ಮನೆಗೇ. ಕಾಯ್ದೆಯ 55ನೇ ಕಲಂ ಪ್ರಕಾರ, ಮತ್ತೆ ಬಳಸಲಾಗದಂತೆ ಹಾಳಾದ ವಾಹನದ ಬಗ್ಗೆ 14 ದಿನಗಳೊಳಗೆ ಅಥವಾ ಆದಷ್ಟು ಬೇಗ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು. 2021ರ ಕೇಂದ್ರ ನಿಯಮಗಳಡಿ ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿದರೆ ಅದಕ್ಕೆ ಪ್ರಮಾಣಪತ್ರ ಸಿಗುತ್ತದೆ. ಬೀದಿಯ ಗುಜರಿಗಿಂತ ಒಂದೆರಡು ಸಾವಿರ ಕಡಿಮೆ ಬಂದರೂ ಆ ಪತ್ರ ಪಡೆದೇ ಗಾಡಿ ಕೊಡಿ. ವಿಮಾ ಕಂಪನಿಯೇ ಗಾಡಿ ತೆಗೆದುಕೊಂಡರೆ, ಆರ್‌ಸಿ ರದ್ದಾದದ್ದನ್ನು ಬರಹದಲ್ಲಿ ಕೇಳಿ ಪಡೆಯಿರಿ.